ಪುಟ್ಟಿಗೆ, ಲಂಡನ್‌ನಿಂದ

ಪ್ರೀತಿಯ ಪುಟ್ಟಿ,

ಚಿಕ್ಕಪ್ಪ ಮತ್ತೆ ರಾತ್ರಿಯೆಲ್ಲ ನಿದ್ದೆ ಮಾಡುತ್ತಿಲ್ಲ ಅಂತ ಹೋದ ವಾರ ಹೇಳಿದೆಯಲ್ಲ, ಅವತ್ತು ನಾನು ಸರಿಯಾಗಿ ಮಾತಾಡಲಿಲ್ಲ. ಅದಕ್ಕೇ ಈ ಕಾಗದ.

ಶನಿವಾರ ಇಲ್ಲಿಯ ಮ್ಯೂಸಿಯಮ್ಮಿನಲ್ಲಿ ಟಿಪ್ಪುವಿನ ಮರದ ಹುಲಿ ನೋಡಿದೆ. 1799ರಲ್ಲಿ ಶ್ರೀರಂಗಪಟ್ಟಣದಿಂದ ಕಂಪನಿಯವರು ಎತ್ತಿಕೊಂಡು ಬಂದದ್ದು. ಮೊದಲು ಲೆಡನ್‌ಹಾಲ್ ಬೀದಿಯ ಕಂಪನಿ ಕಚೇರಿಯಲ್ಲಿ ಇತ್ತಂತೆ. ಅದೇ ಕಚೇರಿಯಲ್ಲಿ ಚಾರ್ಲ್ಸ್ ಲ್ಯಾಂಬ್ ಗುಮಾಸ್ತ. ಶೇಕ್ಸ್‌ಪಿಯರ್ ನಾಟಕಗಳನ್ನು ಮಕ್ಕಳಿಗೆ ಕಥೆಯಾಗಿ ಬರೆದ ಅಕ್ಕ-ತಮ್ಮ ಇದ್ದರಲ್ಲ, ಅವರಲ್ಲಿ ತಮ್ಮ.

ಅಕ್ಕ ಮೇರಿ. ಹಾಸಿಗೆ ಹಿಡಿದ ತಾಯಿ, ಅರಳುಮರಳಿನ ತಂದೆ, ಮೇಲೆ ಹೊಲಿಗೆ ಕೆಲಸ, ಎಲ್ಲ ಅವಳ ತಲೆಗೇ. 1796ರ ಸೆಪ್ಟೆಂಬರ್ 22ರಂದು ಹೊಲಿಗೆ ಕಲಿಯುವ ಹುಡುಗಿಯ ಮೇಲೆ ಚಾಕು ಎತ್ತಿದಳು. ತಡೆಯಲು ಹೋದ ತಾಯಿ ಸತ್ತಳು. ಚಾಕು ಕಿತ್ತುಕೊಂಡವನು ಚಾರ್ಲ್ಸ್. 21 ವರ್ಷ. ಆ ವರ್ಷದ ಶುರುವಿಗೆ ಅವನೇ ಆರು ವಾರ ಹುಚ್ಚಾಸ್ಪತ್ರೆಯಲ್ಲಿದ್ದು ಬಂದಿದ್ದ.

ಬುದ್ಧಿ ಸ್ವಾಧೀನದಲ್ಲಿ ಇರಲಿಲ್ಲ ಅಂತ ವಿಚಾರಣೆಯಲ್ಲಿ ತೀರ್ಮಾನವಾಯಿತು. ಅಂಥವರನ್ನು ಸರ್ಕಾರವೇ ಹಿಡಿದಿಡುವ ಕಾನೂನು ಬಂದದ್ದು 1800ರಲ್ಲಿ. ಆಗಿನ್ನೂ ಮನೆಯವರು ಹೊಣೆ ಹೊತ್ತರೆ ಬಿಡುತ್ತಿದ್ದರು. ಒಳ್ಳೆ ಕೆಲಸದಲ್ಲಿದ್ದ ಅಣ್ಣ ಜಾನ್, ಅವಳು ಆಸ್ಪತ್ರೆಯಲ್ಲೇ ಇರಲಿ ಅಂದ. ಚಾರ್ಲ್ಸ್ ಕೇಳಲಿಲ್ಲ. ಮನೆಯ ವರಮಾನ ವರ್ಷಕ್ಕೆ 170-180 ಪೌಂಡ್, ಅದರಲ್ಲಿ 50-60 ಅಕ್ಕನಿಗೆ ಅಂತ ಲೆಕ್ಕ ಹಾಕಿ ಗೆಳೆಯ ಕೋಲ್‌ರಿಜ್‌ಗೆ ಬರೆದ. ಎಂಥ ಲೆಕ್ಕ ನೋಡು! 1799ರಲ್ಲಿ ತಂದೆ ತೀರಿದ ಮೇಲೆ ಅವಳನ್ನು ಮನೆಗೇ ಕರೆತಂದ.

ಆಮೇಲೆ 35 ವರ್ಷ, ತಾನು ಸಾಯುವವರೆಗೆ ನೋಡಿಕೊಂಡ. ಮದುವೆಯಾಗಲಿಲ್ಲ. ಕಾಯಿಲೆ ಮರುಕಳಿಸುವ ಮುಂಚೆ ಮೇರಿಗೇ ತಿಳಿಯುತ್ತಿತ್ತು. ಇಬ್ಬರೂ ಅಳುತ್ತ ಆಸ್ಪತ್ರೆಗೆ ನಡೆದು ಹೋಗುತ್ತಿದ್ದರಂತೆ. ಊರಿಗೆ ಹೊರಟರೆ ಕೈಕಟ್ಟುವ ಅಂಗಿಯನ್ನು ಅವಳೇ ಪೆಟ್ಟಿಗೆಗೆ ಹಾಕಿಕೊಳ್ಳುತ್ತಿದ್ದಳು. ನೀನು ಚಿಕ್ಕಪ್ಪನನ್ನು ಬೆಳಗಿನ ಬಸ್ಸಿಗೆ ಹತ್ತಿಸಿಕೊಂಡು ನಿಮ್ಹಾನ್ಸ್‌ಗೆ ಹೋಗುವುದು ನೆನಪಾಯಿತು.

ಈ ಕಥೆಯಲ್ಲಿ ನಾನು ಜಾನ್, ಪುಟ್ಟಿ. ದುಡ್ಡು ಕಳಿಸಿ, ಎಲ್ಲಾದರೂ ಸೇರಿಸಬಾರದಾ ಅಂತ ಸುಮ್ನೆ ಹೇಳಿಬಿಡುತ್ತೇನೆ ಅಲ್ವಾ?

ಡಿಸೆಂಬರಿನಲ್ಲಿ ಐದು ವಾರ ರಜೆ ಹಾಕಿದ್ದೇನೆ, ಟಿಕೆಟ್ ಆಗಿದೆ. ನೀನು ಎಲ್ಲಿಗಾದರೂ ಹೋಗಿ ಬಾ. ಯಾವ ಮಾತ್ರೆ ಬೆಳಿಗ್ಗೆ, ಯಾವುದು ರಾತ್ರಿ, ಬರೆದು ಕಳಿಸು. ನುಂಗಿದ ಹಾಗೆ ಮಾಡಿ ಚಿಕ್ಕಪ್ಪ ಉಗಿದುಬಿಡುತ್ತಾರಲ್ಲ, ಆಗ ಏನು ಮಾಡುತ್ತೀಯ, ಅದನ್ನೂ ಬರಿ.

ನಿನ್ನ ಅಣ್ಣ