ಪ್ಯಾರಿಸ್ಸಿನಲ್ಲಿ ಒಂದು ತಿಂಗಳು ಇದ್ದು ಬಾ

ಮೈಸೂರು

ಚಿ. ಸೌ. ಮೇಘಾಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ನೀನು ಫೋನಿಗೆ ಕಳಿಸಿದ ಟೂರ್ ಪಟ್ಟಿ ನೋಡಿದೆ. 12 ದಿನ, 8 ದೇಶ. ಬೆಳಿಗ್ಗೆ ಆರಕ್ಕೆ ಸೂಟ್‌ಕೇಸ್ ಕಟ್ಟಿ ಬಾಗಿಲ ಹೊರಗಿಡಬೇಕು, ಏಳಕ್ಕೆ ಬಸ್ಸು ಹತ್ತಬೇಕು. ಪ್ಯಾರಿಸ್ಸಿಗೆ ಒಂದೂವರೆ ದಿನ. ಮದುವೆಯಾಗಿ ಐದು ವರ್ಷಕ್ಕೆ ನೀವಿಬ್ಬರೂ ಒಟ್ಟಿಗೆ ದೊಡ್ಡ ರಜೆ ಹಾಕುತ್ತಿದ್ದೀರಿ. ಕೂಡಿಟ್ಟ ದುಡ್ಡೆಲ್ಲ ಬಸ್ಸಿನಲ್ಲಿ ಕೂತು ಕಳೆಯುವುದಕ್ಕೆ ಹೋಗಬಾರದು ಅಂತ ನನ್ನ ಆಸೆ. ಆ ದುಡ್ಡಿನ ಆಸುಪಾಸಿನಲ್ಲೇ ಪ್ಯಾರಿಸ್ಸಿನಲ್ಲಿ ಒಂದು ತಿಂಗಳು ಮನೆ ಮಾಡಿಕೊಂಡು ಇರಬಹುದು. ಹೋದ ವರ್ಷ ನಾವು ಐದು ವಾರ ಹಾಗೇ ಇದ್ದು ಬಂದೆವು ಅಲ್ವಾ? ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಮೊದಲು ಮನೆಯ ವಿಷಯ. ಖರ್ಚು ಉಳಿಯುವುದೂ ಅಲ್ಲೇ, ಮೋಸ ಹೋಗುವುದೂ ಅಲ್ಲೇ. ಹೋಟೆಲ್ ಬೇಡ. ಅಡುಗೆಮನೆ ಇರುವ ಒಂದು ಕೋಣೆ ಸಾಕು. ಎಷ್ಟೋ ಮನೆಯವರು ವಾರದ ಲೆಕ್ಕಕ್ಕಿಂತ ತಿಂಗಳ ಲೆಕ್ಕಕ್ಕೆ ಕಡಿಮೆ ಮಾಡಿ ಕೊಡುತ್ತಾರೆ, ಕೇಳು. ಪ್ಯಾರಿಸ್ಸಿನಲ್ಲಿ 20 ವಾರ್ಡುಗಳಿವೆ. ನಡುವಿನಿಂದ ಶುರುವಾಗಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತುತ್ತಾ ಹೋಗುತ್ತವೆ. ನದಿಯ ಹತ್ತಿರದ ಒಂದರಿಂದ ಎಂಟರವರೆಗಿನವು ದುಬಾರಿ. 19, 20ನೇ ವಾರ್ಡುಗಳಲ್ಲಿ ನೋಡು. ಅಲ್ಲಿಂದ ಮೆಟ್ರೋದಲ್ಲಿ ಅರ್ಧ ಗಂಟೆಯೊಳಗೆ ಊರ ನಡುವೆ ಇರುತ್ತೀಯ.

ಒಂದು ಮಾತು ಮರೆಯಬೇಡ. ಎಷ್ಟನೇ ಮಹಡಿ, ಲಿಫ್ಟ್ ಇದೆಯಾ ಅಂತ ಬರವಣಿಗೆಯಲ್ಲೇ ಕೇಳು. ನಾವು ಹಿಡಿದದ್ದು ಛಾವಣಿಯ ಕೆಳಗಿನ ಕೋಣೆ. ಹಿಂದಿನ ಕಾಲದಲ್ಲಿ ದೊಡ್ಡ ಮನೆಗಳ ಕೆಲಸದ ಹೆಂಗಸರು ಮಲಗುತ್ತಿದ್ದ ಕೋಣೆಗಳನ್ನು ಈಗ ಬಾಡಿಗೆಗೆ ಕೊಡುತ್ತಾರೆ. ಫೋಟೋದಲ್ಲಿ ಚೆಂದ ಕಂಡಿತ್ತು. ಆರನೇ ಮಹಡಿ, ಲಿಫ್ಟ್ ಇಲ್ಲ ಅನ್ನುವುದನ್ನು ಮಾಲೀಕರು ಹೇಳಿರಲಿಲ್ಲ. ನಿಮ್ಮ ದೊಡ್ಡಪ್ಪ ದಿನಾ ಮಂಡಿ ಹಿಡಿದುಕೊಂಡೇ ಆ ಸುರುಳಿ ಮೆಟ್ಟಿಲು ಹತ್ತಿದರು. ನಾಲ್ಕನೇ ಮಹಡಿಯಲ್ಲಿ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ನೆನೆದರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ. ಇನ್ನೊಂದು, ಅಲ್ಲಿ ಪ್ರವಾಸಿಗರಿಗೆ ಕೊಡುವ ಮನೆಗೆ ನೋಂದಣಿ ಸಂಖ್ಯೆ ಇರಬೇಕು. ಜಾಹೀರಾತಿನಲ್ಲಿ ಅದು ಕಾಣದಿದ್ದರೆ ಬಿಟ್ಟುಬಿಡು. 'ನೇರವಾಗಿ ನನ್ನ ಖಾತೆಗೆ ಹಾಕಿ, ಕಡಿಮೆ ಮಾಡುತ್ತೇನೆ' ಅಂದವರಿಗೆ ಒಂದು ಪೈಸೆಯೂ ಕಳಿಸಬೇಡ.

ಆಗಸ್ಟ್‌ನಲ್ಲಿ ಹೋಗಬೇಡ. ಊರಿನವರೇ ರಜೆಗೆ ಹೊರಟಿರುತ್ತಾರೆ, ಬೀದಿಯ ಬೇಕರಿಗಳೂ ಎಷ್ಟೋ ಮುಚ್ಚಿರುತ್ತವೆ. ಅಕ್ಟೋಬರ್ ಒಂದನೇ ತಾರೀಕಿಗೆ ಇಳಿಯುವ ಹಾಗೆ ನೋಡಿಕೋ. ಯಾಕೆ ಒಂದನೇ ತಾರೀಕು ಅಂದರೆ, ಅಲ್ಲಿನ ಮೆಟ್ರೋ, ಬಸ್ಸಿನ ನಾವಿಗೋ ಪಾಸು ಕ್ಯಾಲೆಂಡರ್ ಪ್ರಕಾರ ನಡೆಯುತ್ತದೆ. ತಿಂಗಳ ಪಾಸು ಒಂದರಿಂದ ತಿಂಗಳ ಕೊನೆಯವರೆಗೆ, ಸುಮಾರು 90 ಯೂರೋ. ವಾರದ ಪಾಸು ಸೋಮವಾರದಿಂದ ಭಾನುವಾರಕ್ಕೆ, ಸುಮಾರು 32. ನಾವು ಇಳಿದದ್ದು ಶುಕ್ರವಾರ. ಶುಕ್ರವಾರದಿಂದ ಮುಂದಿನ ವಾರದ ಪಾಸು ಮಾತ್ರ ಸಿಗುತ್ತದೆ. ಹಾಗಾಗಿ ಮೂರು ದಿನ ಮೆಟ್ರೋ ಹತ್ತಿದಾಗೆಲ್ಲ ತಲೆಗೆ ಎರಡೂವರೆ ಯೂರೋ ತೆತ್ತೆವು. ಪಾಸು ಇದ್ದರೆ ವಿಮಾನ ನಿಲ್ದಾಣದಿಂದ ಊರಿಗೆ ಬರುವುದೂ ಅದರಲ್ಲೇ ಆಗುತ್ತದೆ. ಕಾರ್ಡಿಗೆ 5 ಯೂರೋ, ಜೊತೆಗೆ 3 ಸೆಂ.ಮೀ. ಎತ್ತರ, 2.5 ಸೆಂ.ಮೀ. ಅಗಲದ ಫೋಟೋ ಬೇಕು. ಇಲ್ಲೇ ತೆಗೆಸಿ ಪರ್ಸಿನಲ್ಲಿ ಇಟ್ಟುಕೋ.

ವೀಸಾಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕೊನೆಗೆ ಅಂತ ಇಟ್ಟುಕೊಳ್ಳಬೇಡ. ಶುಲ್ಕ 90 ಯೂರೋ. 30,000 ಯೂರೋ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. ಹೋಟೆಲ್ ಕಾಯ್ದಿರಿಸಿದ್ದರೆ ತಲೆಗೆ ದಿನಕ್ಕೆ 65 ಯೂರೋ, ಇಲ್ಲದಿದ್ದರೆ 120 ಯೂರೋ ನಿಮ್ಮ ಬಳಿ ಇದೆ ಅಂತ ತೋರಿಸಬೇಕು. ಅಷ್ಟನ್ನೂ ಖರ್ಚು ಮಾಡಲೇಬೇಕು ಅಂತಲ್ಲ. ಆದರೆ ಅರ್ಜಿ ಹಾಕುವ ಹಿಂದಿನ ದಿನ ಯಾರದೋ ದುಡ್ಡು ತಂದು ಖಾತೆಗೆ ತುಂಬಬೇಡಿ. ಈಗಿನಿಂದಲೇ ತಿಂಗಳು ತಿಂಗಳು ಹಾಕುತ್ತಾ ಬನ್ನಿ.

ಇನ್ನು ಊಟ. ಎರಡನೇ ನಂಬರಿನ ಮೆಟ್ರೋದಲ್ಲಿ ಲಾ ಶಾಪೆಲ್ ಅಂತ ನಿಲ್ದಾಣ ಬರುತ್ತದೆ. ಇಳಿದರೆ ಶ್ರೀಲಂಕಾ ತಮಿಳರ ಅಂಗಡಿಗಳ ಬೀದಿ. ಅಕ್ಕಿ, ತೊಗರಿಬೇಳೆ, ನುಗ್ಗೆಕಾಯಿ, ಬದನೆ, ಎಲ್ಲ ಸಿಗುತ್ತದೆ. ನಾನು ಕರಿಬೇವಿನ ಒಂದು ಸಣ್ಣ ಪೊಟ್ಟಣ ಕೊಂಡೆ. ಮೆಟ್ರೋದಲ್ಲಿ ಕೂತು ಚೀಲದ ಬಾಯಿ ಸ್ವಲ್ಪ ತೆರೆದೆ. ಆ ಘಮ ಬಂತು ನೋಡು, ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬರು ಬಗ್ಗಿ ಮೂಸಿ ನಕ್ಕರು. ನಾನು ಒಂದು ಎಸಳು ಕಿತ್ತು ಕೊಟ್ಟೆ. ಅವರು ಅದನ್ನು ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡರು. ಅಲ್ಲೇ ಹತ್ತಿರ ಪಾಜೋಲ್ ಬೀದಿಯಲ್ಲಿ ಮಾಣಿಕ್ಕ ವಿನಾಯಗರ್ ದೇವಸ್ಥಾನವೂ ಇದೆ. 1985ರಲ್ಲಿ ಶುರುವಾದದ್ದು. ಹೋಗಿ ಕೈಮುಗಿದು ಬಾ.

ತರಕಾರಿಗೆ ಅಲೀಗ್ರ್ ಸಂತೆ. ಸೋಮವಾರ ಇರುವುದಿಲ್ಲ. ಮಧ್ಯಾಹ್ನ ಮುಚ್ಚುವ ಹೊತ್ತಿಗೆ ಹೋದರೆ ಬೆಲೆ ಇಳಿಸಿ ಕೂಗುತ್ತಿರುತ್ತಾರೆ. ಬೆಳಿಗ್ಗೆ ಬೇಕರಿಯಿಂದ ಬಿಸಿ ಬಗೆಟ್ ಬ್ರೆಡ್ಡು ತಂದರೆ ಒಂದೂವರೆ ಯೂರೋ ಒಳಗೆ ಇಬ್ಬರ ತಿಂಡಿ ಆಗುತ್ತದೆ. ಅಂಗಡಿಗೆ ಕಾಲಿಟ್ಟ ಕೂಡಲೇ 'ಬೋಂಜೂರ್', ಅಂದರೆ ನಮಸ್ಕಾರ, ಅನ್ನು. ಆಮೇಲೆ ಮಿಕ್ಕ ಮಾತು. ಅಲ್ಲಿನವರಿಗೆ ಅದು ಬಹಳ ಮುಖ್ಯ. ಹೋಟೆಲಿನಲ್ಲಿ ಉಣ್ಣುವ ಆಸೆಯಾದರೆ ಮಧ್ಯಾಹ್ನ ಹೋಗಿ, ರಾತ್ರಿಗಿಂತ ಅಗ್ಗದ ಊಟ ಇರುತ್ತದೆ. 'ಕರಾಫ್ ದೋ' ಅಂತ ಕೇಳಿದರೆ ನಲ್ಲಿ ನೀರು ಪುಕ್ಕಟೆ ತಂದಿಡುತ್ತಾರೆ. ಬಾಟಲಿ ನೀರಿಗೆ ದುಡ್ಡು ಸುರಿಯಬೇಡ. ಬೀದಿಗಳಲ್ಲಿ ಹಸಿರು ಬಣ್ಣದ ಎರಕದ ಕಬ್ಬಿಣದ ನೀರಿನ ಕಂಬಗಳಿವೆ. 1872ರಲ್ಲಿ ರಿಚರ್ಡ್ ವಾಲೇಸ್ ಅನ್ನುವ ಪುಣ್ಯಾತ್ಮ ಊರಿನ ಬಡವರಿಗೆ ಅಂತ ನೆಡಿಸಿದ್ದು. ಚಳಿಗಾಲ ಬಿಟ್ಟರೆ ಈಗಲೂ ನೀರು ಬರುತ್ತದೆ.

ನೋಡುವುದಕ್ಕೆ ದುಡ್ಡು ಬೇಕೇ ಬೇಕು ಅಂತ ಹೆದರಬೇಡ. ಲೂವ್ರ್ ಮ್ಯೂಸಿಯಮ್ಮಿಗೇನೋ 2026ರಿಂದ ಯೂರೋಪಿನವರಲ್ಲದವರಿಗೆ 32 ಯೂರೋ ಮಾಡಿದ್ದಾರೆ. ಒಂದು ದಿನ ಇಡೀ ಅದಕ್ಕೇ ಇಟ್ಟು ಹೋಗು. ಮಂಗಳವಾರ ರಜೆ. ಒರ್ಸೇ ಮ್ಯೂಸಿಯಂ ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ, ಮುಂಚೆಯೇ ಹೊತ್ತು ಕಾಯ್ದಿರಿಸು. ಊರಿನ ಚರಿತ್ರೆ ಹೇಳುವ ಕಾರ್ನವಾಲೆ ಮ್ಯೂಸಿಯಂ, ಕಲಾಕೃತಿಗಳಿರುವ ಪೆಟಿ ಪಾಲೆ ಎರಡರಲ್ಲೂ ಕಾಯಂ ಸಂಗ್ರಹ ನೋಡಲು ಯಾವತ್ತೂ ದುಡ್ಡಿಲ್ಲ. ಬೆಂಕಿ ಬಿದ್ದು ರಿಪೇರಿಯಾಗಿ 2024ರ ಡಿಸೆಂಬರಿನಲ್ಲಿ ತೆರೆದ ನೋತ್ರ್ ದಾಮ್ ಚರ್ಚಿಗೂ ಪ್ರವೇಶ ಉಚಿತ. ಊರು ಸುತ್ತಲು ಟೂರಿಸ್ಟ್ ಬಸ್ಸು ಬೇಡ. 69ನೇ ನಂಬರಿನ ಸಿಟಿ ಬಸ್ಸು ಐಫೆಲ್ ಗೋಪುರದ ಹತ್ತಿರ ಹೊರಟು, ಲೂವ್ರ್ ದಾಟಿ, ಬಾಸ್ತೀಯ್ ಮೇಲೆ ಹೋಗುತ್ತದೆ. ನಿನ್ನ ಪಾಸೇ ಸಾಕು.

ಆದರೆ ದಿನಾ ಏನಾದರೂ ನೋಡಲೇಬೇಕು ಅಂತ ಹಟ ಮಾಡಬೇಡ ಕಣಮ್ಮ. ಲಕ್ಸೆಂಬರ್ಗ್ ಉದ್ಯಾನದಲ್ಲಿ ಹಸಿರು ಕಬ್ಬಿಣದ ಕುರ್ಚಿಗಳಿವೆ. ಬೇಕಾದ ಕಡೆ ಎಳೆದುಕೊಂಡು ಕೂರಬಹುದು, ಯಾರೂ ಕೇಳುವುದಿಲ್ಲ. ನಾವು ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಹೋಗಿ ಕೊಳದ ಪಕ್ಕ ಮಧ್ಯಾಹ್ನವೆಲ್ಲ ಕೂತಿರುತ್ತಿದ್ದೆವು. ಮಕ್ಕಳು ಆಟದ ದೋಣಿಗಳನ್ನು ಕೋಲಿನಿಂದ ತಳ್ಳುತ್ತಿದ್ದರು. ನಿಮ್ಮ ದೊಡ್ಡಪ್ಪ ನಲವತ್ತು ವರ್ಷದಲ್ಲಿ ನನ್ನ ಜೊತೆ ಆಡದಷ್ಟು ಮಾತು ಅಲ್ಲಿ ಆಡಿದರು. ನಿಮಗೂ ಅಂಥ ಮಧ್ಯಾಹ್ನಗಳು ಸಿಗಲಿ ಅಂತಲೇ ಇಷ್ಟುದ್ದ ಬರೆದೆ.

ತುಪ್ಪ, ಪೇಡೆ ಕಟ್ಟಿಕೊಳ್ಳಬೇಡ. ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಹುಳಿಪುಡಿ, ಚಟ್ನಿಪುಡಿ ನಾನು ಮಾಡಿ ಕೊಡುತ್ತೇನೆ. ಮನೆಯ ಜಾಹೀರಾತು ಸಿಕ್ಕ ಕೂಡಲೇ ನನಗೆ ಕಳಿಸು. ಮುಂಗಡ ಕಟ್ಟುವ ಮೊದಲು ಇಬ್ಬರೂ ಕೂತು ಒಮ್ಮೆ ಓದೋಣ. ಅಳಿಯಂದಿರಿಗೆ ನಮ್ಮ ಆಶೀರ್ವಾದ ತಿಳಿಸು.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ