276ರ ಲೆಕ್ಕ ಇನ್ನೂ ಮುಗಿದಿಲ್ಲ

ಗಂಗಾವತಿ

ಪ್ರೀತಿಯ ಮಗಳೇ,

ನಾವೆಲ್ಲ ಚೆನ್ನಾಗಿದ್ದೇವೆ. ಮಿಲ್ಲಿಗೆ ಹೊಸ ಭತ್ತ ಬರ್ತಾ ಇದೆ, ಅದಕ್ಕೇ ಪತ್ರ ತಡವಾಯ್ತು.

ಹೋದ ರಜೆಯಲ್ಲಿ ನಿನಗೊಂದು ತಪ್ಪು ಹೇಳಿಕೊಟ್ಟಿದ್ದೆ. ತೂಕದ ಚೀಟಿಯ ಹಿಂದೆ 12 ಬರೆದು, ಅದನ್ನು ಶೇಷ ಉಳಿಯದ ಹಾಗೆ ಭಾಗಿಸುವ ಸಂಖ್ಯೆಗಳನ್ನೆಲ್ಲ ಕೂಡಿದ್ದೆವು, 12ನ್ನು ಮಾತ್ರ ಬಿಟ್ಟು. 1, 2, 3, 4, 6 ಸೇರಿ 16. 16ಕ್ಕೂ ಹಾಗೇ ಮಾಡಿದರೆ 15, ಹೀಗೇ ಮುಂದೆ 9, 4, 3, 1. "ಯಾವ ಸಂಖ್ಯೆ ಹಿಡಿದರೂ ಕೊನೆಗೆ ಒಂದಕ್ಕೇ ಬರುತ್ತೆ" ಅಂದುಬಿಟ್ಟೆ. ನೀನು ನಂಬಿದೆ.

ಹಾಗಲ್ಲವ್ವ. 6 ತಗೋ. 1, 2, 3 ಕೂಡಿದರೆ ಮತ್ತೆ 6, ಅಲ್ಲೇ ನಿಂತಿತು. ಇಂಥದ್ದಕ್ಕೆ ಪರಿಪೂರ್ಣ ಸಂಖ್ಯೆ ಅಂತಾರೆ. 28 ಕೂಡ ಹಾಗೇ. 220 ಹೋಗಿ 284 ಆಗುತ್ತೆ, 284 ವಾಪಸ್ 220 ಆಗುತ್ತೆ. ದೊಡ್ಡ ಗಣಿತಜ್ಞ ಆಯ್ಲರ್ ಇಂಥ ಹತ್ತಾರು ಜೋಡಿ ಹುಡುಕಿದ್ದ. ಆದರೂ 1184, 1210ರ ಜೋಡಿ ಅವನ ಕಣ್ಣಿಗೆ ಬೀಳಲಿಲ್ಲ. 1866ರಲ್ಲಿ ಅದು ಸಿಕ್ಕಿದ್ದು ಇಟಲಿಯ ಪಗನಿನಿ ಎಂಬ 16 ವರ್ಷದ ಹುಡುಗನಿಗೆ. ನಿನ್ನದೇ ವಯಸ್ಸು!

ನನಗೆ ಜಾಸ್ತಿ ಇಷ್ಟವಾಗಿದ್ದು 30. ಅದು 42, 54, 66, 78, 90, 144 ಅಂತ ಏರ್ತಾನೇ ಹೋಗುತ್ತೆ. ಯಾಕೆ ಗೊತ್ತಾ? ಎಲ್ಲವೂ 6ರ ಮಗ್ಗಿಯವು. ಅರ್ಧ, ಮೂರನೇ ಒಂದು ಪಾಲು, ಆರನೇ ಒಂದು ಪಾಲು ಸೇರಿದರೇ ಪೂರ್ತಿ ಸಂಖ್ಯೆ ಆಗಿಬಿಡುತ್ತೆ, ಮೇಲೆ 1 ಬೇರೆ ಇದೆ. ಇಳಿಯೋದು ಹೇಗೆ? ಆದರೆ 144 ಅಂದರೆ 12ರ ವರ್ಗ. ಅದರ ಮೊತ್ತ 259, ಬೆಸ ಸಂಖ್ಯೆ. 6ರ ಮಗ್ಗಿ ತಪ್ಪಿತು ನೋಡು, ಅಲ್ಲಿಂದ 45, 33, 15 ಅಂತ ಸರಸರ ಇಳಿದು 1ಕ್ಕೆ ಬಂತು.

276 ಮಾತ್ರ ಬೇರೆ. ಕಂಪ್ಯೂಟರಿನಲ್ಲಿ 2,000ಕ್ಕೂ ಜಾಸ್ತಿ ಹೆಜ್ಜೆ ಹೋಗಿದ್ದಾರೆ, ಸಂಖ್ಯೆ 200 ಅಂಕಿ ದಾಟಿದೆ. ನಿಲ್ಲುತ್ತೋ ಇಲ್ಲವೋ, ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ.

ಮೊನ್ನೆ ರಾತ್ರಿ ನಾನೂ ಕೂತೆ. ಮೊದಲ ಹೆಜ್ಜೆಯಲ್ಲೇ 373 ಬಂತು, ತಪ್ಪು. 23 ಬಿಟ್ಟುಹೋಗಿತ್ತು. ಜೋಡಿ ಜೋಡಿಯಾಗಿ ಬರೆದುಕೋ: 2ರ ಎದುರು 138, 3ರ ಎದುರು 92, 4ಕ್ಕೆ 69, 6ಕ್ಕೆ 46, 12ಕ್ಕೆ 23. ಆಗ ಯಾವುದೂ ತಪ್ಪಿಸಿಕೊಳ್ಳಲ್ಲ. 1 ಸೇರಿಸಿದರೆ 396. ಆಮೇಲೆ 696, 1104, 1872. ಅಷ್ಟಕ್ಕೆ ಚೀಟಿ ತುಂಬಿತು. ಅದನ್ನು ಇದರ ಜೊತೆಗೇ ಇಟ್ಟಿದ್ದೇನೆ, ಮುಂದಿನದು ನೀನು ಮಾಡಿ ಕಳಿಸು.

ಅವ್ವ ಶೇಂಗಾ ಹೋಳಿಗೆ ಕಟ್ಟಿಕೊಟ್ಟಿದ್ದಾಳೆ. ರೂಮಿನವರಿಗೂ ಕೊಡು.

ನಿನ್ನ ಅಪ್ಪ