ಕೇಡಗಾಂವ್‌ನ ಹುಡುಗಿಯರು ಎಲ್ಲಿ?

ಮಾನ್ಯರೇ,

ಪಂಡಿತಾ ರಮಾಬಾಯಿಯವರ ಬಗ್ಗೆ ಪತ್ರಿಕೆಗಳಲ್ಲಿ ಬರಹ ಬಂದಾಗಲೆಲ್ಲ ಬಿಡದೆ ಓದುತ್ತೇನೆ. ವಿಧವೆಯರ ಓದಿಗಾಗಿ ದುಡಿದದ್ದು, ಕಲ್ಕತ್ತೆಯ ಪಂಡಿತರು 'ಸರಸ್ವತಿ' ಎಂದು ಬಿರುದು ಕೊಟ್ಟದ್ದು ಎಲ್ಲ ಇರುತ್ತದೆ. 1905ರಲ್ಲಿ ಕೇಡಗಾಂವ್‌ನ ಅವರ ಆಶ್ರಯದಲ್ಲಿ ಆದ ಕ್ರೈಸ್ತ ಉಜ್ಜೀವನದ, ಅಂದರೆ ಪ್ರಾರ್ಥನೆಯಲ್ಲಿ ಭಕ್ತಿ ಹೊಸದಾಗಿ ಉಕ್ಕಿ ಬಂದದ್ದರ, ಸುದ್ದಿ ಮಾತ್ರ ಇರುವುದಿಲ್ಲ. ಇತ್ತ ನಮ್ಮ ಉಜ್ಜೀವನ ಕೂಟಗಳಲ್ಲಿ ಪವಿತ್ರಾತ್ಮನ ಅನುಭವಕ್ಕೆ ಒತ್ತು ಕೊಡುವ ಪೆಂಟೆಕೋಸ್ಟ್ ಸಭೆಗಳ ಹುಟ್ಟು ಹೇಳುವಾಗ 1906ರಲ್ಲಿ ಉಜ್ಜೀವನವಾದ ಅಮೆರಿಕದ ಲಾಸ್ ಏಂಜಲೀಸ್‌ನಿಂದಲೇ ಶುರು ಮಾಡುತ್ತಾರೆ. ಎರಡೂ ಕಡೆ ಕೇಡಗಾಂವ್ ಬಿಟ್ಟುಹೋಗುತ್ತದೆ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ಪುಣೆ ಹತ್ತಿರದ ಈ ಊರಲ್ಲಿ ರಮಾಬಾಯಿ 'ಮುಕ್ತಿ' ಎಂಬ ಆಶ್ರಯ ಕಟ್ಟಿದ್ದರು. ಅಲ್ಲಿ ಜಾಸ್ತಿ ಇದ್ದವರು 1896 ಮತ್ತು 1900ರ ಬರಗಾಲದಲ್ಲಿ ಬದುಕುಳಿದ ಹುಡುಗಿಯರು. ರಮಾಬಾಯಿಯೂ ಬರಗಾಲದ ದಿನಗಳಲ್ಲೇ ಅಪ್ಪ, ಅಮ್ಮ, ಅಕ್ಕನನ್ನು ಕಳೆದುಕೊಂಡವರು. ಹಸಿವು ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

1905ರ ಜನವರಿಯಲ್ಲಿ ಅವರು ಪ್ರಾರ್ಥನಾ ಕೂಟ ಶುರು ಮಾಡಿದಾಗ ಬಂದವರು ಸುಮಾರು 70 ಮಂದಿ. ಜೂನ್ ಹೊತ್ತಿಗೆ 550 ಮಂದಿ ದಿನಕ್ಕೆರಡು ಸಲ ಸೇರುತ್ತಿದ್ದರು. ಜೂನ್ 29ರ ನಸುಕಿನಲ್ಲಿ ಒಬ್ಬ ಹುಡುಗಿ ಎದ್ದು ಪ್ರಾರ್ಥಿಸತೊಡಗಿದಳು. ಅವಳ ಮೈಮೇಲೆ ಬೆಂಕಿ ಕಂಡಂತಾಗಿ ಜೊತೆಯವಳು ಓಡಿಹೋಗಿ ಬಕೆಟ್ ನೀರು ತಂದಳು. ಇನ್ನೇನು ಸುರಿಯಬೇಕು, ಆಗ ಗೊತ್ತಾಯಿತು, ಅವಳಿಗೆ ಬೆಂಕಿ ಹತ್ತಿಲ್ಲ ಅಂತ. ಅಲ್ಲಿದ್ದ ಮಿಷನರಿ ಮಿನ್ನಿ ಏಬ್ರಮ್ಸ್ ಇದನ್ನು ಬರೆದಿಟ್ಟಿದ್ದಾರೆ. ಮರುದಿನ ರಮಾಬಾಯಿ ಯೋಹಾನನ ಸುವಾರ್ತೆಯ 8ನೇ ಅಧ್ಯಾಯ ವಿವರಿಸುತ್ತಿದ್ದರು. ಹುಡುಗಿಯರೆಲ್ಲ ಅಳುತ್ತಾ ಒಟ್ಟಿಗೇ ಜೋರಾಗಿ ಪ್ರಾರ್ಥಿಸತೊಡಗಿದರು. ರಮಾಬಾಯಿ ಮಾತು ನಿಲ್ಲಿಸಬೇಕಾಯಿತು.

ಇದೆಲ್ಲ ಬ್ರಿಟನ್ನಿನ ವೇಲ್ಸ್‌ನ ಗಾಳಿ ಎಂದು ಸುಮ್ನೆ ಹೇಳಿ ಮುಗಿಸುವವರಿದ್ದಾರೆ. ವೇಲ್ಸ್‌ನಲ್ಲಿ 1904ರಲ್ಲಿ ಉಜ್ಜೀವನವಾಗಿತ್ತು, ನಿಜ. ವೇಲ್ಸ್ ಮಿಷನರಿಗಳಿದ್ದ ಈಶಾನ್ಯ ಭಾರತದ ಖಾಸಿ ಬೆಟ್ಟಗಳಿಗೂ 1905ರಲ್ಲಿ ಅದು ಹಬ್ಬಿತು. ಆ ಸುದ್ದಿ ಕೇಡಗಾಂವ್‌ಗೂ ಹುರುಪು ತಂದಿತು. ಆದರೆ ತಿಂಗಳುಗಟ್ಟಲೆ ಕೂತು ಬೇಡಿಕೊಂಡವರು ಈ ಹುಡುಗಿಯರೇ ಅಲ್ವಾ? ಅದಕ್ಕೂ ಮೊದಲು, 1860ರಲ್ಲೇ, ತಿರುನೆಲ್ವೇಲಿ ಕಡೆ ಅರುಳಪ್ಪನ್ ಎಂಬ ತಮಿಳು ಬೋಧಕರ ಮುಂದಾಳತ್ವದಲ್ಲಿ ಉಜ್ಜೀವನ ಆಗಿತ್ತು. ನಮ್ಮ ನೆಲದಲ್ಲೂ ಇದಕ್ಕೆ ಬೇರಿತ್ತು.

ಇನ್ನೊಂದು ವಿಷಯ ಹೇಳಲೇಬೇಕು. ಮಿನ್ನಿ ಏಬ್ರಮ್ಸ್ ಬರೆದ ಪುಟ್ಟ ಪುಸ್ತಕ ಚಿಲಿ ದೇಶದಲ್ಲಿದ್ದ ಅವರ ಹಳೆಯ ಗೆಳತಿಗೆ ತಲುಪಿತು. ಆ ಗೆಳತಿಯ ಗಂಡ ವಿಲ್ಲಿಸ್ ಹೂವರ್, ವಾಲ್ಪರೈಸೋದ ಮೆಥಡಿಸ್ಟ್ ಪಾದ್ರಿ. ಅದನ್ನು ಓದಿದ ಮೇಲೆ ಅವರ ಸಭೆಯಲ್ಲೂ ಇಂಥದೇ ಅನುಭವಕ್ಕಾಗಿ ಹುಡುಕಾಟ ಶುರುವಾಗಿ 1909ರಲ್ಲಿ ದೊಡ್ಡ ಉಜ್ಜೀವನವೇ ಆಯಿತು. ಚಿಲಿಯ ಪೆಂಟೆಕೋಸ್ಟ್ ಸಭೆಗಳು ಬೆಳೆದದ್ದು ಅದರಿಂದ. ಬರಗಾಲದಲ್ಲಿ ಬೀದಿಗೆ ಬಿದ್ದಿದ್ದ ಹುಡುಗಿಯರ ಪ್ರಾರ್ಥನೆಯ ಸುದ್ದಿ ಎಷ್ಟು ದೂರ ಹೋಯಿತು ನೋಡಿ!

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಗಂಗಾಮೂಲದ ಕಾಡಿನಲ್ಲಿ. ಮುಂದೆ ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದವರೂ ಅವರೇ. ಅವರು ತೀರಿಕೊಂಡ ದಿನ ಏಪ್ರಿಲ್ 5. ಮುಂದಿನ ಸಲ ಆ ದಿನಕ್ಕೆ ತಾವು ಲೇಖನ ಹಾಕುವುದಾದರೆ, 1905ರ ಆ ಹುಡುಗಿಯರಿಗೂ ಒಂದು ಕಾಲಂ ಜಾಗ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗ, ಕಾರ್ಕಳ